ನಾಲ್ಕು ಅಂಕದ ಗೆರೆ

2025ರ ಮೇ ತಿಂಗಳು. ಬೆಳಿಗ್ಗೆ ಹತ್ತು ಗಂಟೆಗೇ ಕಲಬುರಗಿಯ ಬಸ್ ನಿಲ್ದಾಣ ಕಾದ ಹಂಚಿನಂತಾಗಿತ್ತು. ಹುಮನಾಬಾದ್ ಕಡೆಗೆ ಹೊರಟ ಬಸ್ಸಿನಲ್ಲಿ ಹೇಗೋ ಸೀಟು ಹಿಡಿದು ಕೂತೆ. ಕಮಲಾಪುರದಲ್ಲಿ ನೆಂಟರ ಮನೆಯ ಕಾರ್ಯವೊಂದಿತ್ತು. ಪಕ್ಕದಲ್ಲಿ ತಾಯಿ, ಮಗಳು. ಮಗಳ ತೊಡೆಯ ಮೇಲೆ ಒಂದು ದಪ್ಪ ಪುಸ್ತಕ, ಅದರ ಮೇಲೆ ಸಣ್ಣ ಚೌಕಗಳ ಗ್ರಾಫ್ ಹಾಳೆ, ಕೈಯಲ್ಲಿ ಪೆನ್ಸಿಲ್ಲು, ಅರ್ಧ ಮುರಿದ ಪ್ಲಾಸ್ಟಿಕ್ ಸ್ಕೇಲು. ಬಸ್ಸು ಕುಲುಕಿದಾಗಲೆಲ್ಲ ಹುಡುಗಿ ಕೈ ಎತ್ತಿ ಹಿಡಿದು, ನಿಂತಾಗ ಚುಕ್ಕಿ ಇಡುತ್ತಿದ್ದಳು. ಈ ಶ್ರದ್ಧೆ ನೋಡಿ ಮಾತನಾಡಿಸದೆ ಇರಲಾಗಲಿಲ್ಲ.

‘ಏನವ್ವಾ, ಏನ್ ಮಾಡ್ಲತ್ತೀ?’

‘ಗ್ರಾಫ್ ಹಾಕ್ಲತ್ತೀನ್ರಿ.’

‘ಈ ಗೆರಿ ಏನ್ ಹೇಳ್ತದ?’

ಹುಡುಗಿ ನನ್ನನ್ನೊಮ್ಮೆ, ಗೆರೆಯನ್ನೊಮ್ಮೆ ನೋಡಿ ಹೇಳಿದಳು: ‘ನಾಕು ಮಾರ್ಕ್ಸ್ ರೀ.’

ನಗು ಬಂತು. ಆದರೆ ತಾಯಿಯ ಮುಖದಲ್ಲಿ ನಗುವಿರಲಿಲ್ಲ. ‘ಎಲ್ಲಾದ್ರಾಗೂ ಪಾಸ್ ಆಗ್ಯಾಳ್ರಿ. ಲೆಕ್ಕದಾಗ ಮೂರೇ ಮೂರು ಮಾರ್ಕಿಗಿ ಹೋಗ್ಯಾದ. ಎರಡನೇ ಪರೀಕ್ಷಾದಾಗ ಆಗಲಿಲ್ಲಂದ್ರ ಮನ್ಯಾಗ ಓದಸ್ತಾರೋ ಇಲ್ಲೋ’ ಎಂದು ಕಿಟಕಿಯತ್ತ ಮುಖ ತಿರುಗಿಸಿದರು. ನಗು ಅಲ್ಲೇ ನಿಂತಿತು.

ಓದುಗರಿಗೆ ನೆನಪಿರಬಹುದು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿತ್ತು. ಉತ್ತೀರ್ಣರಾದವರು ಶೇಕಡ 42.43. ಅಂದರೆ ನೂರು ಮಕ್ಕಳಲ್ಲಿ ಐವತ್ತೇಳಕ್ಕೂ ಹೆಚ್ಚು ಮಂದಿ ಹೊಸ್ತಿಲಲ್ಲೇ ಉಳಿದರು. ಈ ಅಂಕಿಯನ್ನು ಪತ್ರಿಕೆಯಲ್ಲಿ ಓದುವುದು ಬೇರೆ, ಅದರಲ್ಲಿ ಒಂದು ಅಂಕಿ ನಮ್ಮ ಪಕ್ಕದ ಸೀಟಿನಲ್ಲಿ ಸ್ಕೇಲು ಹಿಡಿದು ಕೂತಿರುವುದನ್ನು ನೋಡುವುದು ಬೇರೆ.

ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಸಾಮಾನ್ಯವಾಗಿ ತಪ್ಪದೆ ಬರುವ ಪ್ರಶ್ನೆ ಒಂದಿದೆ. ಎರಡು ಸಮೀಕರಣ ಕೊಡುತ್ತಾರೆ. ಎರಡಕ್ಕೂ ಗೆರೆ ಎಳೆದು, ಅವು ಸೇರುವ ಜಾಗ ಹುಡುಕಿ ಉತ್ತರ ಬರೆಯಬೇಕು. ನಾಲ್ಕು ಅಂಕ. ಪಾಸಾಗುವುದೇ ಕಷ್ಟವಾದ ಮಕ್ಕಳಿಗೆ ಮೇಷ್ಟ್ರುಗಳು ಮೊದಲು ಹೇಳಿಕೊಡುವುದು ಇದನ್ನೇ. ಪಟ್ಟಿ ಹಾಕು, ಚುಕ್ಕಿ ಇಡು, ಗೆರೆ ಎಳೆ, ಮುಗಿಯಿತು. ಅವರನ್ನು ದೂರುವಂತಿಲ್ಲ. ಮುಳುಗುವವನಿಗೆ ಮೊದಲು ಹಗ್ಗ ಕೊಡಬೇಕು, ಈಜು ಆಮೇಲೆ. ಆದರೆ ಆ ‘ಆಮೇಲೆ’ ಬರುವುದೇ ಇಲ್ಲ ಎನ್ನುವುದು ತೊಂದರೆ. ಗೆರೆ ಏನು ಹೇಳುತ್ತದೆ ಎಂಬುದು ಗೊತ್ತಿಲ್ಲದೆ ಗೆರೆ ಎಳೆದವರಿಗೆ, ಅದು ತಪ್ಪಾದಾಗ ತಪ್ಪಾಗಿದೆ ಎಂಬುದೂ ಗೊತ್ತಾಗುವುದಿಲ್ಲ.

ಬಸ್ಸು ಊರು ದಾಟಿತು. ಹುಡುಗಿಯ ಹಾಳೆಯ ಮೂಲೆಯಲ್ಲಿ ಒಂದಿಷ್ಟು ಜಾಗ ಕೇಳಿಕೊಂಡೆ.

ಕಲಬುರಗಿಯಿಂದ ಕಮಲಾಪುರಕ್ಕೆ ಲೆಕ್ಕದ ಅನುಕೂಲಕ್ಕಾಗಿ 36 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಬಸ್ಸು ಒಂದೇ ಸಮನೆ ಓಡಿ ಒಂದು ಗಂಟೆಯಲ್ಲಿ ಮುಟ್ಟುತ್ತದೆ. ಅಂದರೆ ಹತ್ತು ನಿಮಿಷಕ್ಕೆ ಆರು ಕಿಲೋಮೀಟರ್. ಈಗ ಹಾಳೆಯಲ್ಲಿ ಅಡ್ಡಲಾಗಿ ಸಮಯ, ಉದ್ದಕ್ಕೆ ದೂರ. ಅಡ್ಡ ಒಂದು ದೊಡ್ಡ ಚೌಕ ಎಂದರೆ 10 ನಿಮಿಷ, ಮೇಲಕ್ಕೆ ಒಂದು ಚೌಕ ಎಂದರೆ 6 ಕಿಲೋಮೀಟರ್. ಬಸ್ಸು ಹೊರಟಾಗ ಮೂಲೆಯಲ್ಲಿ, ಸೊನ್ನೆಯ ಮೇಲೆ ಸೊನ್ನೆಯಲ್ಲಿ, ಒಂದು ಚುಕ್ಕಿ. ಹತ್ತು ನಿಮಿಷವಾದ ಮೇಲೆ ಒಂದು ಚೌಕ ಬಲಕ್ಕೆ, ಒಂದು ಚೌಕ ಮೇಲಕ್ಕೆ ಇನ್ನೊಂದು ಚುಕ್ಕಿ. ಇಪ್ಪತ್ತಕ್ಕೆ ಮತ್ತೊಂದು. ಚುಕ್ಕಿಗಳು ತಾವಾಗಿಯೇ ಶಿಸ್ತಿನ ಪೊಲೀಸರಂತೆ ಸಾಲಾಗಿ ನಿಂತವು. ಸ್ಕೇಲಿಟ್ಟು ಎಳೆದರೆ ಕಮಲಾಪುರದವರೆಗೆ ಒಂದೇ ಗೆರೆ.

‘ಇದನ್ನ ಮಾತಿನ್ಯಾಗ ಹೇಳು’ ಎಂದೆ.

‘ನಿಮಿಷಕ್ಕ ಸೊನ್ನೆ ಪಾಯಿಂಟ್ ಆರು ಕಿಲೋಮೀಟರ್ ರೀ.’

ಸರಿ. ದೂರಕ್ಕೆ ‘ದ’ ಎನ್ನೋಣ, ಸಮಯಕ್ಕೆ ‘ಸ’ ಎನ್ನೋಣ. ದ = 0.6 ಸ. ಇದೇ ಸಮೀಕರಣ. ಪುಸ್ತಕದಲ್ಲಿ ಎಕ್ಸ್, ವೈ ಎಂದು ಬರೆಯುತ್ತಾರೆ, ಅಷ್ಟೇ ವ್ಯತ್ಯಾಸ. ಹೆಸರಿನ ಮೊದಲ ಅಕ್ಷರವನ್ನೇ ಗುರುತಾಗಿ ಬಳಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಭಾಸ್ಕರಾಚಾರ್ಯರು 12ನೆಯ ಶತಮಾನದ ‘ಬೀಜಗಣಿತ’ದಲ್ಲಿ ಗೊತ್ತಿಲ್ಲದ ಮೊದಲ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು ‘ಯಾ’ ಎಂದು ಬರೆದರು. ಆಮೇಲಿನವಕ್ಕೆ ಬಣ್ಣಗಳ ಹೆಸರು. ಕಾಲಕ ಎಂದರೆ ಕಪ್ಪು, ಅದು ‘ಕಾ’. ನೀಲಕ ಎಂದರೆ ನೀಲಿ, ಅದು ‘ನೀ’. ಎಕ್ಸ್‌ಗೆ ಹೆದರುವ ಮಕ್ಕಳಿಗೆ ಇದನ್ನು ಹೇಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಇನ್ನು ಎರಡನೆಯ ಪಾಠ. ಈ ಬಸ್ಸನ್ನು ನಾವು ನಿಲ್ದಾಣದಿಂದ ಅಲ್ಲ, ಊರ ಹೊರಗೆ 6 ಕಿಲೋಮೀಟರ್ ದಾಟಿದ ಮೇಲೆ ಹತ್ತಿ, ಆಗ ಗಡಿಯಾರ ನೋಡಲು ಶುರುಮಾಡಿದೆವು ಎನ್ನಿ. ಸಮಯ ಸೊನ್ನೆ ಇದ್ದಾಗಲೇ ದೂರ 6. ಆಗ ದ = 6 + 0.6 ಸ. ಗೆರೆಯ ಏರು ಅದೇ, ಆದರೆ ಹೊರಡುವ ಜಾಗ ಒಂದು ಚೌಕ ಮೇಲೆ. ಹಳೆಯ ಗೆರೆ, ಹೊಸ ಗೆರೆ ಎರಡೂ ರೈಲು ಹಳಿಗಳ ಹಾಗೆ ಪಕ್ಕಪಕ್ಕದಲ್ಲಿ ಓಡುತ್ತವೆ, ಎಂದೂ ಸೇರುವುದಿಲ್ಲ.

ಸರಳರೇಖೆಯ ಸಮೀಕರಣದಲ್ಲಿ ಇರುವುದು ಈ ಎರಡೇ ಸಂಗತಿ: ಎಲ್ಲಿಂದ ಹೊರಟೆ, ಯಾವ ವೇಗದಲ್ಲಿ ನಡೆದೆ. ವೈ = ಎಮ್ ಎಕ್ಸ್ + ಸಿ ಎಂದು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರಲ್ಲ, ಅಲ್ಲಿ ಸಿ ಎಂದರೆ ಹೊರಟ ಜಾಗ, ಎಮ್ ಎಂದರೆ ನಡಿಗೆ. ಪುಸ್ತಕದ ಭಾಷೆಯಲ್ಲಿ ಎಮ್‌ಗೆ ಇಳಿಜಾರು ಎಂದು ಹೆಸರು. ಗೆರೆ ಏರುತ್ತಿದ್ದರೂ ಇಳಿಜಾರೇ, ಮಕ್ಕಳು ಗೊಂದಲಪಟ್ಟರೆ ಅವರ ತಪ್ಪೇನಿಲ್ಲ.

ಅಷ್ಟರಲ್ಲಿ ಕಂಡಕ್ಟರು ಬಂದರು. ನಾನು ದುಡ್ಡು ಕೊಟ್ಟೆ. ತಾಯಿ ಮಗಳಿಗೆ ದುಡ್ಡಿಲ್ಲದ ಟಿಕೆಟ್ಟು, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯದು. ನನಗೆ ತಮಾಷೆ ಹೊಳೆಯಿತು. ‘ನನ್ನ ಟಿಕೆಟ್ಟಿನ ಗೆರಿ ದೂರ ಹೋದಂಗ ಏರ್ತದ. ನಿನ್ನ ಟಿಕೆಟ್ಟಿನ ಗೆರಿ ಯಾವುದು?’

ಹುಡುಗಿ ಹಾಳೆಯನ್ನು ನೋಡಿದಳು. ಪೆನ್ಸಿಲ್ಲನ್ನು ಅಡ್ಡ ಅಕ್ಷದ ಮೇಲೆಯೇ ಉದ್ದಕ್ಕೆ ಮಲಗಿಸಿದಳು. ‘ಇದೇ ರೀ. ಎಷ್ಟು ದೂರ ಹೋದ್ರೂ ಸೊನ್ನೆ.’

ವೈ = 0 ಎಂಬ ಸಮೀಕರಣದ ನಕ್ಷೆ ಅಡ್ಡ ಅಕ್ಷವೇ ಎಂದು ಪುಸ್ತಕದಲ್ಲಿ ಬರೆದಿದೆ. ಅದನ್ನು ಈ ಹುಡುಗಿ ನೂರು ಸಲ ಓದಿರಬೇಕು. ಅದು ತನ್ನ ಕೈಯಲ್ಲಿರುವ ಟಿಕೆಟ್ಟೇ ಎಂದು ತಿಳಿದದ್ದು ಈಗ.

ಇಷ್ಟಾದ ಮೇಲೆ ಎರಡು ಗೆರೆಗಳ ವಿಷಯಕ್ಕೆ ಬಂದೆವು. ನಾಲ್ಕು ಅಂಕ ಇರುವುದು ಅಲ್ಲಿಯೇ ತಾನೆ? ನಮ್ಮ ಬಸ್ಸು ಹೊರಟ ಹೊತ್ತಿಗೇ ಕಮಲಾಪುರದಿಂದ ಇನ್ನೊಂದು ಬಸ್ಸು ಕಲಬುರಗಿಗೆ ಅದೇ ವೇಗದಲ್ಲಿ ಹೊರಟಿದೆ. ಅದು ಹೊರಟಾಗ ಕಲಬುರಗಿಯಿಂದ 36 ಕಿಲೋಮೀಟರ್ ದೂರದಲ್ಲಿತ್ತು, ನಿಮಿಷ ನಿಮಿಷಕ್ಕೂ ಹತ್ತಿರ ಬರುತ್ತಿದೆ. ದ = 36 – 0.6 ಸ. ನಮ್ಮ ಗೆರೆ ಏರುತ್ತದೆ, ಅದರದು ಇಳಿಯುತ್ತದೆ. 30ನೆಯ ನಿಮಿಷದಲ್ಲಿ, 18ನೆಯ ಕಿಲೋಮೀಟರಿನಲ್ಲಿ ಎರಡೂ ಸೇರುತ್ತವೆ. ಅಲ್ಲಿ ಇಬ್ಬರು ಡ್ರೈವರುಗಳೂ ಕೈ ಎತ್ತಿ ನಮಸ್ಕಾರ ಮಾಡುತ್ತಾರೆ. ಗೆರೆಗಳು ಸೇರುವ ಬಿಂದು ಎಂದರೆ ಅದೇ: ಇಬ್ಬರಿಗೂ ಒಂದೇ ಹೊತ್ತು, ಒಂದೇ ಜಾಗ.

ಆ ಬಸ್ಸು 10 ನಿಮಿಷ ತಡವಾಗಿ ಹೊರಟರೆ? ಅದರ ಗೆರೆ ದ = 42 – 0.6 ಸ ಆಗುತ್ತದೆ. 42 ಎಲ್ಲಿಂದ ಬಂತು ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಹತ್ತು ನಿಮಿಷ ತಡವಾಗಿ ಕಮಲಾಪುರ ಬಿಡುವ ಬಸ್ಸೂ, ನಮ್ಮ ಜೊತೆಗೇ ಹೊರಟು ಕಮಲಾಪುರದಿಂದ ಆಚೆ 6 ಕಿಲೋಮೀಟರ್ ದೂರದಿಂದ ಬರುವ ಬಸ್ಸೂ ಲೆಕ್ಕಕ್ಕೆ ಒಂದೇ. ಗೆರೆಯನ್ನು ಸ್ಕೇಲಿನಿಂದ ಹಿಂದಕ್ಕೆ ಎಳೆದರೆ ಅದು 42ರ ಮೇಲೆ ಹೋಗಿ ಮುಟ್ಟುತ್ತದೆ. ಈ ಸಲ ಭೇಟಿ 35ನೆಯ ನಿಮಿಷಕ್ಕೆ, 21ನೆಯ ಕಿಲೋಮೀಟರಿನಲ್ಲಿ.

ಇದು ಮಕ್ಕಳಾಟದ ಲೆಕ್ಕ ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ರೈಲುಗಳನ್ನು ನಡೆಸುವುದು ಈ ಗೆರೆಗಳಿಂದಲೇ. ಫ್ರಾನ್ಸಿನ ಎತಿಯೆನ್ ಮಾರೆ ಎಂಬ ವಿಜ್ಞಾನಿ 1885ರ ತನ್ನ ಪುಸ್ತಕದಲ್ಲಿ ಪ್ಯಾರಿಸ್–ಲಿಯೋನ್ ಮಾರ್ಗದ ರೈಲು ವೇಳಾಪಟ್ಟಿಯನ್ನು ಒಂದೇ ಹಾಳೆಯ ನಕ್ಷೆಯಾಗಿ ಅಚ್ಚು ಹಾಕಿಸಿದ. ಅದನ್ನು ರೂಪಿಸಿದವನು ಇಬ್ರಿ ಎಂಬ ಎಂಜಿನಿಯರ್ ಎಂದು ಅದರಲ್ಲಿದೆ. ಒಂದು ಕಡೆ ಸಮಯ, ಇನ್ನೊಂದು ಕಡೆ ನಿಲ್ದಾಣಗಳು, ಒಂದೊಂದು ರೈಲಿಗೆ ಒಂದೊಂದು ಗೆರೆ. ಗೆರೆ ಕಡಿದಾಗಿದ್ದರೆ ವೇಗದ ರೈಲು, ಮಲಗಿದ ಹಾಗಿದ್ದರೆ ನಿಧಾನದ ರೈಲು, ಪೂರ್ತಿ ಅಡ್ಡವಾದರೆ ನಿಲ್ದಾಣದಲ್ಲಿ ನಿಂತಿದೆ ಎಂದರ್ಥ. ನಮ್ಮ ರೈಲ್ವೆಯ ನಿಯಂತ್ರಣ ಕೊಠಡಿಗಳಲ್ಲೂ ಹೀಗೆಯೇ ದೊಡ್ಡ ಹಾಳೆಗಳ ಮೇಲೆ ಸ್ಕೇಲು ಪೆನ್ಸಿಲ್ಲು ಹಿಡಿದು ಗೆರೆ ಎಳೆಯುತ್ತಿದ್ದರು. ಆ ಕೆಲಸ ಈಗ ಕಂಪ್ಯೂಟರ್ ಪರದೆಗೆ ಬಂದಿದೆ, ಗೆರೆಗಳು ಮಾತ್ರ ಅವೇ.

ಬೀದರ್–ಕಲಬುರಗಿ ರೈಲು ಮಾರ್ಗವನ್ನೇ ನೋಡಿ. 2017ರ ಅಕ್ಟೋಬರ್ 29ರಂದು ಅದರ ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಬೀದರಿನಿಂದ ಕಲಬುರಗಿಗೆ ರೈಲಿನಲ್ಲೇ ಬರುತ್ತೇನೆಂದರೆ ವಿಕಾರಾಬಾದ್, ವಾಡಿ ಸುತ್ತಿ ಬರಬೇಕಿತ್ತು. ಈಗ ಹುಮನಾಬಾದ್, ಕಮಲಾಪುರದ ಮೇಲೆ ನೇರ ದಾರಿ. ಇದನ್ನು ಹಾಕಿದ್ದು ಒಂಟಿ ಹಳಿಯ ಮಾರ್ಗವಾಗಿ. ರಸ್ತೆಯ ಮೇಲೆ ಎರಡು ಬಸ್ಸುಗಳು ಎಲ್ಲಿ ಬೇಕಾದರೂ ಎದುರಾಗಬಹುದು, ನಮಸ್ಕಾರ ಹೇಳಿ ಮುಂದೆ ಹೋಗಬಹುದು. ಒಂಟಿ ಹಳಿಯ ಮೇಲೆ ಹಾಗಾಗುವಂತಿಲ್ಲ. ಎರಡು ರೈಲುಗಳ ಗೆರೆಗಳು ಒಂದನ್ನೊಂದು ದಾಟುವ ಬಿಂದು ಕಡ್ಡಾಯವಾಗಿ ಯಾವುದಾದರೊಂದು ನಿಲ್ದಾಣದ ಮೇಲೆಯೇ ಬೀಳಬೇಕು. ಎರಡು ಊರುಗಳ ನಡುವೆ ಬಿದ್ದರೆ ಅದು ಬರೀ ತಪ್ಪುತ್ತರವಲ್ಲ, ಅಪಘಾತ. ಆದ್ದರಿಂದ ಒಂದು ರೈಲನ್ನು ನಿಲ್ದಾಣದಲ್ಲಿ ತಡೆದು, ಅಂದರೆ ಅದರ ಗೆರೆಯನ್ನು ಕೊಂಚ ಹೊತ್ತು ಅಡ್ಡ ಮಲಗಿಸಿ, ಇನ್ನೊಂದಕ್ಕೆ ದಾರಿ ಬಿಡುತ್ತಾರೆ. ಊರಿಲ್ಲದ ಊರಿನಲ್ಲಿ ರೈಲು ಯಾಕೆ ನಿಂತಿತೆಂದು ನಾವು ಗೊಣಗುವಾಗ ಎಲ್ಲೋ ಎರಡು ಗೆರೆಗಳನ್ನು ಸರಿಯಾದ ಜಾಗದಲ್ಲಿ ಸೇರಿಸುತ್ತಿರುತ್ತಾರೆ.

ತಾಯಿ ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು, ‘ಇದು ಹೊಲದಾಗ ಏನರ ಬರ್ತದೇನ್ರಿ?’ ಎಂದರು.

ಬರುತ್ತದೆ. ಕಮಲಾಪುರದ ಕೆಂಪು ಬಾಳೆಯ ಹೆಸರು ಕೇಳದವರು ಈ ಕಡೆ ಯಾರಿದ್ದಾರೆ? ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಒಬ್ಬ ಬೆಳೆಗಾರನಿಗೆ ಎರಡು ದಾರಿ ಇವೆ ಎನ್ನಿ. ತೋಟಕ್ಕೇ ಬಂದು ಕೊಳ್ಳುವವನು ಕಿಲೋಗೆ 40 ರೂಪಾಯಿ ಕೊಡುತ್ತಾನೆ. ಕಲಬುರಗಿಗೆ ಒಯ್ದರೆ 52 ಸಿಗುತ್ತದೆ, ಆದರೆ ವಾಹನದ ಬಾಡಿಗೆ 1800. ಇವು ಲೆಕ್ಕಕ್ಕೆಂದು ನಾನು ಇಟ್ಟುಕೊಂಡ ಅಂಕಿಗಳು, ಧಾರಣೆ ದಿನಕ್ಕೊಂದು ತರಹ. ‘ಕ’ ಕಿಲೋ ಹಣ್ಣಿಗೆ ತೋಟದಲ್ಲಿ ಸಿಗುವುದು 40 ಕ. ಪೇಟೆಯಲ್ಲಿ ಸಿಗುವುದು 52 ಕ – 1800. ಮೊದಲ ಗೆರೆ ಸೊನ್ನೆಯಿಂದ ಹೊರಡುತ್ತದೆ. ಎರಡನೆಯದು ಸೊನ್ನೆಗಿಂತ ಕೆಳಗೆ, ಋಣ 1800ರಿಂದ. ಖಾಲಿ ವಾಹನ ಒಯ್ದರೂ ಬಾಡಿಗೆ ಕೊಡಲೇಬೇಕಲ್ಲ! ಆದರೆ ಅದರ ಏರು ಹೆಚ್ಚು ಕಡಿದು. 150 ಕಿಲೋದಲ್ಲಿ ಎರಡೂ ಸೇರುತ್ತವೆ, ಎರಡರಲ್ಲೂ 6000 ರೂಪಾಯಿ. ಅದಕ್ಕಿಂತ ಕಡಿಮೆ ಹಣ್ಣಿದ್ದರೆ ತೋಟದಲ್ಲೇ ಕೊಡುವುದು ಮೇಲು, ಹೆಚ್ಚಿದ್ದರೆ ಪೇಟೆ ಮೇಲು. ‘52 ಸಿಗ್ತದ, ನಡಿ ಪೇಟಿಗಿ’ ಎಂದು ನೂರು ಕಿಲೋ ಹೇರಿಕೊಂಡು ಹೋದವನು 600 ರೂಪಾಯಿ ಕಳೆದುಕೊಂಡು ಬರುತ್ತಾನೆ.

‘ನಮ್ಮ ಮಾವನೋರು ಹಿಂಗೇ ಮಾಡ್ತಾರ್ರಿ’ ಎಂದು ತಾಯಿ ಮೊದಲ ಸಲ ನಕ್ಕರು.

ಹಣ್ಣಿನ ಮಾತು ಬಂದಾಗ ನನಗೆ ಮಳಖೇಡ ನೆನಪಾಯಿತು. ಕಲಬುರಗಿ ಜಿಲ್ಲೆಯದೇ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಊರು. ಹಿಂದೆ ಮಾನ್ಯಖೇಟ ಎಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥವನ್ನು ಬರೆದ. ಗ್ರಂಥದ ಆರಂಭದಲ್ಲೇ ಆ ದೊರೆಯ ಸ್ತುತಿಯಿದೆ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದ ಮೇಲೆ ಲೋಕಕ್ಕೆಲ್ಲ ತಿಳಿಯಿತು. ಅದರಲ್ಲೊಂದು ಹಣ್ಣಿನ ಲೆಕ್ಕವಿದೆ. 9 ಮಾದಳದ ಹಣ್ಣಿಗೆ ಮತ್ತು 7 ಬೇಲದ ಹಣ್ಣಿಗೆ ಸೇರಿ ಬೆಲೆ 107. ಅದೇ 7 ಮಾದಳ, 9 ಬೇಲ ಕೊಂಡರೆ 101. ಒಂದೊಂದರ ಬೆಲೆ ಎಷ್ಟು?

ಓದುಗರೇ, ನಮ್ಮ ಹುಡುಗಿಯ ನಾಲ್ಕು ಅಂಕದ ಪ್ರಶ್ನೆ ಇದೇ ಅಲ್ಲವೆ? 9 ಮ + 7 ಬ = 107, 7 ಮ + 9 ಬ = 101. ಮಹಾವೀರ ಇದಕ್ಕೊಂದು ಸೂತ್ರವನ್ನೇ ಕೊಟ್ಟಿದ್ದಾನೆ. ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದ ಗುಣಿಸು: 107 × 9 = 963. ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದ ಗುಣಿಸು: 101 × 7 = 707. ಕಳೆದರೆ 256. ಸಂಖ್ಯೆಗಳ ವರ್ಗಗಳ ವ್ಯತ್ಯಾಸ 81 – 49 = 32. ಭಾಗಿಸಿದರೆ 8, ಅದು ಮಾದಳದ ಬೆಲೆ. ಬೇಲದ ಬೆಲೆ 5. ತಾಳೆ ನೋಡಿ: 72ಕ್ಕೆ 35 ಕೂಡಿದರೆ 107, 56ಕ್ಕೆ 45 ಕೂಡಿದರೆ 101.

ಮಹಾವೀರನ ಹತ್ತಿರ ಗ್ರಾಫ್ ಹಾಳೆ ಇರಲಿಲ್ಲ. ಸಮೀಕರಣವನ್ನು ಗೆರೆಯಾಗಿ, ಗೆರೆಯನ್ನು ಸಮೀಕರಣವಾಗಿ ಓದುವ ದಾರಿ ತೆರೆದದ್ದು ಸುಮಾರು ಎಂಟುನೂರು ವರ್ಷಗಳ ಮೇಲೆ, ಫ್ರಾನ್ಸಿನಲ್ಲಿ. ರೆನೆ ದೆಕಾರ್ತ್ 1637ರಲ್ಲಿ ‘ಜ್ಯಾಮಿತಿ’ ಎಂಬ ಕೃತಿಯನ್ನು ಪ್ರಕಟಿಸಿದ. ಅದೇ ಕಾಲದಲ್ಲಿ ಪಿಯೆರ್ ಫರ್ಮಾ ಕೂಡ ತನ್ನಷ್ಟಕ್ಕೆ ಅದೇ ದಾರಿ ಹಿಡಿದಿದ್ದ. ಆ ಕಣ್ಣಿನಿಂದ ಮಹಾವೀರನ ಹಣ್ಣುಗಳನ್ನು ನೋಡಿದರೆ, ಅಡ್ಡಲಾಗಿ ಮಾದಳದ ಬೆಲೆ, ಉದ್ದಕ್ಕೆ ಬೇಲದ ಬೆಲೆ. ಮೊದಲ ಖರೀದಿಗೆ ಒಂದು ಗೆರೆ, ಎರಡನೆಯದಕ್ಕೆ ಒಂದು. ಒಂದೊಂದು ಗೆರೆಯ ಮೇಲೂ ಲೆಕ್ಕವಿಲ್ಲದಷ್ಟು ಬೆಲೆಗಳು ಕೂತಿವೆ. ಮಾದಳಕ್ಕೆ 1, ಬೇಲಕ್ಕೆ 14 ಎಂದರೂ ಮೊದಲ ಗಿರಾಕಿಯ 107 ಸರಿಹೋಗುತ್ತದೆ. ಆದರೆ ಎರಡನೆಯ ಗಿರಾಕಿ ಅದನ್ನು ಒಪ್ಪುವುದಿಲ್ಲ. ಇಬ್ಬರೂ ಒಪ್ಪುವ ಜಾಗ ಒಂದೇ ಒಂದು, 8 ಮತ್ತು 5.

ಎರಡನೆಯ ಗಿರಾಕಿ ಬಂದು ‘18 ಮಾದಳ, 14 ಬೇಲ ಕೊಂಡೆ, 214 ಆಯಿತು’ ಎಂದಿದ್ದರೆ? ಅದು ಮೊದಲನೆಯವನ ಮಾತಿನ ಎರಡರಷ್ಟು, ಹೊಸ ಸುದ್ದಿಯಲ್ಲ. ಗೆರೆಯ ಮೇಲೆ ಗೆರೆ ಕೂತುಬಿಡುತ್ತದೆ, ಬೆಲೆ ಗೊತ್ತಾಗುವುದಿಲ್ಲ. ಅದೇ 18ಕ್ಕೂ 14ಕ್ಕೂ 220 ಎಂದಿದ್ದರೆ ಗೆರೆಗಳು ಸಮಾಂತರ. ಇಬ್ಬರಲ್ಲೊಬ್ಬನಿಗೆ ಬೇರೆ ಬೆಲೆ ಹಾಕಿದ್ದಾರೆ ಎಂದರ್ಥ! ಅಂಗಡಿಯವನ ಬಣ್ಣವನ್ನೂ ಗೆರೆ ಬಯಲು ಮಾಡುತ್ತದೆ.

ಎಲ್ಲವೂ ನೇರ ಗೆರೆಯಲ್ಲ ಎಂಬ ಎಚ್ಚರವೂ ಬೇಕು. ಹತ್ತು ಸಾವಿರ ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎನ್ನಿ. ಸರಳ ಬಡ್ಡಿಯಾದರೆ ತಿಂಗಳಿಗೆ 300 ಏರುವ ನೇರ ಗೆರೆ, ಎರಡು ವರ್ಷಕ್ಕೆ 17,200. ತಿಂಗಳು ತಿಂಗಳೂ ಬಡ್ಡಿಗೆ ಬಡ್ಡಿ ಸೇರಿಸಿದರೆ ಗೆರೆ ಮೇಲಕ್ಕೆ ಬಾಗಿ, ಅದೇ ಎರಡು ವರ್ಷಕ್ಕೆ 20,300 ದಾಟುತ್ತದೆ. ಮೊದಲ ತಿಂಗಳು ಎರಡೂ ಒಂದೇ. ಸಾಲ ಕೊಡುವವನು ತೋರಿಸುವುದು ಯಾವಾಗಲೂ ಆ ಮೊದಲ ತಿಂಗಳನ್ನೇ. ಗೆರೆ ಎಳೆದು ನೋಡುವ ಅಭ್ಯಾಸವಿದ್ದವರು ಮೂರನೆಯ ತಿಂಗಳ ಚುಕ್ಕಿಯನ್ನೂ ಕೇಳುತ್ತಾರೆ.

ಮಹಾಗಾಂವ್ ಕ್ರಾಸ್ ದಾಟಿದ್ದೆವು. ಹುಡುಗಿ ತುಸು ಹೊತ್ತು ಸುಮ್ಮನಿದ್ದು, ಪುಸ್ತಕದ ನಡುವಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು. ಮೊದಲ ಪರೀಕ್ಷೆಗೆ ಮುಂಚೆ ಮಾಡಿದ ಅಭ್ಯಾಸದ ಹಾಳೆ. 2ಎಕ್ಸ್ + ವೈ = 8 ಒಂದು, ಎಕ್ಸ್ – ವೈ = 1 ಇನ್ನೊಂದು. ಮೊದಲನೆಯದಕ್ಕೆ ಮೂರು ಚುಕ್ಕಿ ಇಟ್ಟಿದ್ದಳು. ಎಕ್ಸ್ 0 ಆದಾಗ ವೈ 8. ಎಕ್ಸ್ 2 ಆದಾಗ 4. ಎಕ್ಸ್ ಋಣ 1 ಆದಾಗ 6. ಮೂರನ್ನೂ ಮುಟ್ಟಿಸಿ ಎಳೆದ ಗೆರೆ ನಡುವೆ ಸೊಂಟ ಮುರಿದ ಹಾಗೆ ಬಾಗಿತ್ತು.

‘ಪರೀಕ್ಷಾದಾಗೂ ಹಿಂಗೇ ಆಯಿತ್ರಿ. ಮೂರನೇ ಪಾಯಿಂಟ್ ಸಾಲಿನ್ಯಾಗ ಬರಲಿಲ್ಲ. ಅದಕ್ಕ ಗೆರೀನೇ ಸ್ವಲ್ಪ ಬಗ್ಗಿಸಿಬಿಟ್ಟೆ.’

ಆ ಮಾತು ನನಗೆ ನಾಟಿತು. ಗೆರೆ ಅವಳಿಗೆ ಕೂಗಿ ಹೇಳುತ್ತಿತ್ತು: ಇಲ್ಲೊಂದು ತಪ್ಪಿದೆ, ನೋಡು ಎಂದು. ಅದನ್ನು ಕೇಳುವುದು ಹೇಗೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಸರಳರೇಖೆಗೆ ಎರಡು ಬಿಂದು ಸಾಕು. ಮೂರನೆಯ ಬಿಂದು ಗೆರೆ ಎಳೆಯುವುದಕ್ಕಲ್ಲ, ಸಾಕ್ಷಿ ಹೇಳುವುದಕ್ಕೆ. ಸಾಕ್ಷಿ ತಿರುಗಿ ಬಿದ್ದರೆ ಗೆರೆ ಬಗ್ಗಿಸಬಾರದು, ಲೆಕ್ಕವನ್ನು ಮತ್ತೆ ವಿಚಾರಿಸಬೇಕು.

‘ಮೂರನೇದು ಮತ್ತ ಮಾಡು’ ಎಂದೆ. ಹುಡುಗಿ ತುಟಿಯಲ್ಲೇ ಲೆಕ್ಕ ಹಾಕಿದಳು. 8ರಿಂದ ಋಣ 2 ಕಳೆಯಬೇಕು. ಕಳೆಯುವ ಋಣ ಎಂದರೆ ಕೂಡುವುದು. 10. ಆರಲ್ಲ, ಹತ್ತು. ಹಳೆಯ ಚುಕ್ಕಿ ಅಳಿಸಿ ಹೊಸದು ಇಟ್ಟು ಸ್ಕೇಲು ಹಿಡಿದರೆ, ಕುಲುಕುವ ಬಸ್ಸಿನಲ್ಲೂ ಮೂರೂ ಚುಕ್ಕಿ ಒಂದೇ ಸಾಲಿನಲ್ಲಿ. ಎರಡನೆಯ ಗೆರೆಯನ್ನೂ ಎಳೆದಳು. ಎರಡೂ ಸೇರಿದ್ದು ಎಕ್ಸ್ 3, ವೈ 2ರಲ್ಲಿ. ನಾನು ಏನೂ ಹೇಳುವ ಮೊದಲೇ ಅವಳೇ ತಾಳೆ ನೋಡಿದಳು: ‘ಆರು ಎರಡು ಎಂಟು. ಮೂರರಾಗ ಎರಡು ಹೋದ್ರ ಒಂದು. ಬರೋಬ್ಬರಿ ಅದ ರೀ.’

ಬರೋಬ್ಬರಿ ಎಂದು ಹೇಳಿದವರು ನಾನಲ್ಲ, ಮೇಷ್ಟ್ರಲ್ಲ, ಪುಸ್ತಕದ ಹಿಂದಿನ ಉತ್ತರಗಳ ಪಟ್ಟಿಯೂ ಅಲ್ಲ. ಅವಳೇ. ಫಲಿತಾಂಶದ ಕೋಷ್ಟಕದಲ್ಲಿ ನಮ್ಮ ಜಿಲ್ಲೆ ಮೇಲೇರಬೇಕು, ನಿಜ. ಅದಕ್ಕೆ ಶಿಕ್ಷಕರು ಬೇಕು, ಪಾಠದ ದಿನಗಳು ಬೇಕು, ಮನೆಯವರ ಸಹನೆ ಬೇಕು. ಅದರ ಜೊತೆಗೆ ಇದೂ ಬೇಕು: ತನ್ನ ಉತ್ತರ ಸರಿಯೋ ತಪ್ಪೋ ಎಂದು ಮಗು ಯಾರ ಮುಖವನ್ನೂ ನೋಡದೆ ತಾನೇ ತಿಳಿಯುವ ಧೈರ್ಯ. ಸರಳರೇಖೆಯಷ್ಟು ಅಗ್ಗವಾಗಿ ಅದನ್ನು ಕಲಿಸುವ ಪಾಠ ಇನ್ನೊಂದಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ಲು, ಮುರಿದದ್ದಾದರೂ ಸರಿ, ಒಂದು ಸ್ಕೇಲು.

ಕಮಲಾಪುರ ಬಂತು. ತಾಯಿ ಮಗಳು ನನಗಿಂತ ಮೊದಲೇ ಇಳಿದರು. ಇಳಿಯುವಾಗ ಹುಡುಗಿ ಆ ಬಾಗಿದ ಗೆರೆಯ ಹಾಳೆಯನ್ನು ಎಸೆಯಲಿಲ್ಲ. ಮತ್ತೆ ಮಡಿಸಿ ಪುಸ್ತಕದಲ್ಲೇ ಇಟ್ಟುಕೊಂಡಳು.

ಕೊನೆಗೆ ಓದುಗರಿಗೂ, ಅವರ ಮನೆಯ ಮಕ್ಕಳಿಗೂ ಒಂದು ಲೆಕ್ಕ. ನಮ್ಮ ಬಸ್ಸು ಕಲಬುರಗಿಯಿಂದ ಹೊರಟ 20 ನಿಮಿಷಗಳ ಮೇಲೆ ಕಮಲಾಪುರದಿಂದ ಎದುರು ಬಸ್ಸು ಹೊರಟಿತು. ದೂರ ಅದೇ 36, ವೇಗ ಅದೇ. ಇಬ್ಬರು ಡ್ರೈವರುಗಳು ಎಷ್ಟನೆಯ ನಿಮಿಷಕ್ಕೆ, ಎಷ್ಟನೆಯ ಕಿಲೋಮೀಟರಿನಲ್ಲಿ ನಮಸ್ಕಾರ ಹೇಳಿದರು? ಉತ್ತರವನ್ನು ಮುಂದಿನ ವಾರ ಕೊಡುವುದಿಲ್ಲ. ಗೆರೆ ಎಳೆದವರಿಗೆ ಅದರ ಅಗತ್ಯವಿಲ್ಲ.